ಮ್ಯಾಮೊಗ್ರಾಂಗೆ ಹೋಗುವ ಮುಂಚೆ, ರಿಪೋರ್ಟ್ ಕೈಗೆ ಬಂದ ಮೇಲೆ

ಮ್ಯಾಮೊಗ್ರಾಂ, ಅಂದರೆ ಸ್ತನದಲ್ಲಿ ಕ್ಯಾನ್ಸರ್ ಇದೆಯೇ ಎಂದು ನೋಡುವ ಎಕ್ಸ್‌ರೇ, ತೆಗೆಯುವುದು ನನ್ನ ಕೆಲಸ. ಒಳಗೆ ಬಂದವರನ್ನು ಮೊದಲು ಕೇಳುವುದು, ಕಂಕುಳಿಗೆ ಏನಾದರೂ ಹಚ್ಚಿದ್ದೀರಾ ಅಂತ. ಆ ದಿನ ಪೌಡರ್, ಡಿಯೋಡರೆಂಟ್, ಕ್ರೀಂ ಯಾವುದೂ ಬೇಡ. ಬೆವರು ತಡೆಯುವ ಡಿಯೋಡರೆಂಟ್‌ನಲ್ಲಿ ಅಲ್ಯೂಮಿನಿಯಂ ಇರುತ್ತದೆ, ಚಿತ್ರದಲ್ಲಿ ಬಿಳಿ ಚುಕ್ಕಿಯಾಗಿ ಬೀಳುತ್ತದೆ. ಕ್ಯಾನ್ಸರ್ ಶುರುವಾಗುವಾಗಲೂ ಕೆಲವು ಸಲ ಕ್ಯಾಲ್ಸಿಯಂನ ಇಂಥವೇ ಪುಟ್ಟ ಚುಕ್ಕಿಗಳು ಕಾಣುತ್ತವೆ. ಸುಮ್ನೆ ಯಾಕೆ ಗೊಂದಲ?

ಇನ್ನೂ ಮುಟ್ಟಾಗುತ್ತಿದ್ದರೆ, ಮುಟ್ಟಿಗೆ ಮುಂಚಿನ ವಾರ ಬೇಡ, ಆಗ ಸ್ತನ ಮುಟ್ಟಿದರೇ ನೋವು. ಮುಗಿದ ಮೇಲಿನ ವಾರ ಬನ್ನಿ. ಮೇಲೆ ಕೆಳಗೆ ಬೇರೆ ಬೇರೆ ಇರುವ ಬಟ್ಟೆ ಹಾಕಿಕೊಂಡರೆ ಅನುಕೂಲ. ಬಸಿರಿನ ಅನುಮಾನವಿದ್ದರೆ ಮೊದಲೇ ಹೇಳಿ. ಹಳೆಯ ಮ್ಯಾಮೊಗ್ರಾಂ ಇದ್ದರೆ ಮರೆಯದೆ ತನ್ನಿ. ರಿಪೋರ್ಟ್ ಹಾಳೆ ಮಾತ್ರ ಸಾಲದು, ಚಿತ್ರಗಳೇ ಬೇಕು. ಈಗ ಕಂಡದ್ದು ಎರಡು ವರ್ಷದ ಹಿಂದೆಯೂ ಹಾಗೇ ಇತ್ತು ಎಂದು ಗೊತ್ತಾದರೆ ಎಷ್ಟೋ ಪರೀಕ್ಷೆ ತಪ್ಪುತ್ತದೆ.

ಒಂದೊಂದು ಸ್ತನಕ್ಕೆ ಎರಡು ಚಿತ್ರ, ಒಟ್ಟು ನಾಲ್ಕು. ಎರಡು ತಟ್ಟೆಗಳ ನಡುವೆ ಒತ್ತುತ್ತೇವೆ. ನೋಯುತ್ತಾ? ಹೌದು, ಹಲವರಿಗೆ ನೋಯುತ್ತದೆ, ಆದರೆ ಕೆಲವೇ ಸೆಕೆಂಡು. ಒತ್ತಿದಾಗ ಒಳಗಿನದ್ದೆಲ್ಲ ಹರಡಿ, ಒಂದರ ಹಿಂದೆ ಒಂದು ಅಡಗುವುದಿಲ್ಲ. ಎಕ್ಸ್‌ರೇ ಕೂಡ ಕಡಿಮೆ ಸಾಕು. ನೀವು ಮಾಡಬೇಕಾದ್ದು ಒಂದೇ: ಭುಜ ಸಡಿಲ ಬಿಡಿ. ಹೆದರಿ ಭುಜ ಬಿಗಿ ಹಿಡಿದರೆ ಎದೆಯ ಸ್ನಾಯುವೂ ಬಿಗಿಯುತ್ತದೆ, ಕಂಕುಳ ಕಡೆಯ ಭಾಗ ಚಿತ್ರದೊಳಕ್ಕೆ ಸರಿಯಾಗಿ ಬರುವುದಿಲ್ಲ. ತಡೆಯಲಾಗದಿದ್ದರೆ ಹೇಳಿ, ನಿಲ್ಲಿಸುತ್ತೇವೆ.

ಯಾವ ವಯಸ್ಸಿಗೆ ಶುರು ಮಾಡಬೇಕು ಎಂಬುದು ಒಂದೊಂದು ದೇಶದಲ್ಲಿ ಒಂದೊಂದು ಥರ. ಹಲವು ಕಡೆ 50ಕ್ಕೆ, ಕೆಲವು ಕಡೆ 40ಕ್ಕೆ. ಅಮ್ಮನಿಗೋ ಅಕ್ಕತಂಗಿಗೋ ಚಿಕ್ಕ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಬಂದಿದ್ದರೆ ಅಷ್ಟು ಕಾಯಬೇಡಿ, ಡಾಕ್ಟರನ್ನು ಕೇಳಿ. ಮ್ಯಾಮೊಗ್ರಾಂ ರೋಗವನ್ನು ತಡೆಯುವುದಿಲ್ಲ, ಬಂದಿದ್ದರೆ ಬೇಗ ತೋರಿಸುತ್ತದೆ ಅಷ್ಟೆ. ಅಪಾಯ ಕಡಿಮೆ ಮಾಡುವುದು ಮದ್ಯ ಬಿಡುವುದು, ಮುಟ್ಟು ನಿಂತ ಮೇಲೆ ತೂಕ ಏರದ ಹಾಗೆ ನೋಡಿಕೊಳ್ಳುವುದು, ಮೈ ಬಗ್ಗಿಸಿ ಕೆಲಸ ಮಾಡುವುದು, ಓಡಾಡುವುದು.

ರಿಪೋರ್ಟ್‌ನ ಕೊನೆಗೆ ಬೈರಾಡ್ಸ್ (BI-RADS) ಎಂದು ಒಂದು ಅಂಕಿ ಇರುತ್ತದೆ, ಚಿತ್ರ ನೋಡಿದಾಗ ಅನುಮಾನ ಎಷ್ಟು ಎಂದು ಹೇಳುವುದು. ಅದು ಕ್ಯಾನ್ಸರಿನ ಸ್ಟೇಜ್ ಅಲ್ಲ! 0 ಅಂದರೆ ಇನ್ನಷ್ಟು ಚಿತ್ರ ಬೇಕು. ಇದನ್ನು ನೋಡಿಯೇ ಜಾಸ್ತಿ ಜನ ಅಳುವುದು, ಕಾರಣವಿಲ್ಲದೆ. 1, 2 ಅಂದರೆ ಅನುಮಾನವಿಲ್ಲ. 3 ಅಂದರೆ ಕ್ಯಾನ್ಸರ್ ಆಗಿರುವ ಸಾಧ್ಯತೆ ಶೇಕಡಾ 2ಕ್ಕಿಂತ ಹೆಚ್ಚಿಲ್ಲ; ಸಾಮಾನ್ಯವಾಗಿ 6 ತಿಂಗಳಿಗೆ ಮತ್ತೆ ನೋಡುತ್ತಾರೆ. ಆ 6 ತಿಂಗಳನ್ನು ಮರೆಯುವವರೇ ನನಗೆ ಚಿಂತೆ. 4, 5 ಬಂದರೆ ಬಯಾಪ್ಸಿ, ಅಂದರೆ ಸೂಜಿಯಿಂದ ಚೂರು ಮಾಂಸ ತೆಗೆದು ಪರೀಕ್ಷೆ, ಆಗಲೇಬೇಕು. 4 ಬಂದವರಲ್ಲಿ ಬಹಳ ಮಂದಿಗೆ ಕೊನೆಗೆ ಕ್ಯಾನ್ಸರ್ ಅಲ್ಲ ಎಂದೇ ಬರುತ್ತದೆ, 5ರಲ್ಲಿ ಹಾಗಾಗುವುದು ಅಪರೂಪ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿಗೆ ಕಿವಿಗೊಟ್ಟು ತಡ ಮಾಡಬೇಡಿ. ಗಂಟು ಯಾವುದೆಂದು ಖಚಿತವಾಗಿ ಹೇಳುವುದು ಆ ಚೂರು ಮಾಂಸವೇ.

ಇನ್ನೊಂದು. ಕೈಗೆ ಗಂಟು ಸಿಕ್ಕಿದ್ದರೆ ಚಿತ್ರ ತೆಗೆಯುವ ಮುಂಚೆಯೇ ಜಾಗ ತೋರಿಸಿ, ಅಲ್ಲಿ ಗುರುತು ಅಂಟಿಸುತ್ತೇವೆ. ಕೆಲವರ ಸ್ತನ ಒಳಗೆ ದಟ್ಟ, ಚಿತ್ರವೆಲ್ಲ ಬಿಳಿ. ಗಂಟೂ ಬಿಳಿ. ಮಂಜಿನಲ್ಲಿ ಬಿಳಿ ಬಟ್ಟೆ ಹುಡುಕಿದ ಹಾಗೆ. ಅದಕ್ಕೇ ಅಲ್ಟ್ರಾಸೌಂಡ್ ಕೂಡ ಬೇಕಾಗುತ್ತದೆ. ನೋವಿಲ್ಲ ಅಂತ ಸುಮ್ಮನಿರಬೇಡಿ, ಕ್ಯಾನ್ಸರ್ ಗಂಟು ಹೆಚ್ಚಿನ ಸಲ ನೋಯುವುದಿಲ್ಲ. ಚರ್ಮ ಒಳಗೆ ಎಳೆದಂತಾದರೆ, ತೊಟ್ಟು ಹೊಸದಾಗಿ ಒಳಕ್ಕೆ ಹೋದರೆ, ತೊಟ್ಟಿನಿಂದ ರಕ್ತ ಬಂದರೆ, ಕಂಕುಳಲ್ಲಿ ಗಂಟು ಕಂಡರೆ ಇದೇ ಮಾತು. ಗಂಡಸರಿಗೂ ಇದೇ. ಮ್ಯಾಮೊಗ್ರಾಂ ನಾರ್ಮಲ್ ಎಂದು ಬಂದರೂ ಗಂಟು ಅಲ್ಲೇ ಇದ್ದರೆ, ರಿಪೋರ್ಟ್ ಹಿಡಿದು ಮತ್ತೆ ಡಾಕ್ಟರ ಹತ್ತಿರ ಹೋಗಿ, "ಇದು ಹಾಗಾದರೆ ಏನು?" ಎಂದು ಕೇಳಿ. ಉತ್ತರ ಸಿಗುವವರೆಗೂ ಎದ್ದು ಬರಬೇಡಿ.