ನರಿ ಬೇಟೆ: ಕ್ಲಬ್ಬಿನ ಮೊದಲ ಟ್ರಾನ್ಸ್‌ಮಿಟರ್ ಶೋಧವನ್ನು ನಡೆಸುವ ಬಗೆ

ಹವ್ಯಾಸಿ ರೇಡಿಯೊ ಕ್ಲಬ್ಬುಗಳ ಚಟುವಟಿಕೆಗಳಲ್ಲಿ ಹೆಚ್ಚಿನವು ಕುಳಿತಲ್ಲೇ ನಡೆಯುವಂಥವು: ವಾರದ ನೆಟ್ (ರೇಡಿಯೊ ಮೂಲಕ ಸೇರುವ ಸಭೆ), ಮೋರ್ಸ್ ತರಗತಿ, ಪರೀಕ್ಷೆಯ ತಯಾರಿ, ಬೆಸುಗೆ ಹಾಕುವ ಕಮ್ಮಟ. ಸದಸ್ಯರನ್ನು ಕುರ್ಚಿಯಿಂದ ಎಬ್ಬಿಸಿ ಬಯಲಿಗೆ ತರುವ ಚಟುವಟಿಕೆ ಬೇಕೆಂದರೆ ನರಿ ಬೇಟೆಗಿಂತ ಒಳ್ಳೆಯದು ಇಲ್ಲವೆಂದೇ ನನ್ನ ಅಭಿಪ್ರಾಯ. ಒಬ್ಬರು ಸಣ್ಣ ಟ್ರಾನ್ಸ್‌ಮಿಟರನ್ನು ಎಲ್ಲಿಯಾದರೂ ಬಚ್ಚಿಡುತ್ತಾರೆ, ಉಳಿದವರು ಅದರ ಸಿಗ್ನಲ್ಲಿನ ಜಾಡು ಹಿಡಿದು ಹುಡುಕುತ್ತಾರೆ. ಆ ಟ್ರಾನ್ಸ್‌ಮಿಟರೇ ನರಿ. ಹುಡುಕುವವರಿಗೆ ರಿಸೀವರ್ ಒಂದಿದ್ದರೆ ಸಾಕಾದ್ದರಿಂದ, ಇನ್ನೂ ಪರವಾನಗಿ ಪಡೆಯದವರನ್ನೂ ಮಕ್ಕಳನ್ನೂ ಪರವಾನಗಿಯುಳ್ಳ ಸದಸ್ಯರ ಜೊತೆ ತಂಡಗಳಲ್ಲಿ ಸೇರಿಸಿಕೊಳ್ಳಬಹುದು.

ಈ ಆಟಕ್ಕೆ ಅಂತರರಾಷ್ಟ್ರೀಯ ಸ್ವರೂಪವೂ ಇದೆ. ಮೊದಲ ವಿಶ್ವ ಚಾಂಪಿಯನ್‌ಷಿಪ್ 1980ರಲ್ಲಿ ಪೋಲೆಂಡಿನಲ್ಲಿ ನಡೆಯಿತು. ಇಂಥ ಸ್ಪರ್ಧೆಗಳಲ್ಲಿ ಒಂದೇ ಫ್ರೀಕ್ವೆನ್ಸಿಯಲ್ಲಿ ಐದು ನರಿಗಳು ಸರದಿಯಂತೆ ಒಂದೊಂದು ನಿಮಿಷ ಕೂಗುತ್ತವೆ. ಎಂ-ಓ-ಇ, ಎಂ-ಓ-ಐ, ಎಂ-ಓ-ಎಸ್, ಎಂ-ಓ-ಎಚ್, ಎಂ-ಓ-5 ಎಂಬುವು ಅವುಗಳ ಮೋರ್ಸ್ ಗುರುತುಗಳು. ಮೋರ್ಸ್ ಬಾರದವರೂ ಕೊನೆಯ ಅಕ್ಷರದ ಚುಕ್ಕಿಗಳನ್ನು ಒಂದರಿಂದ ಐದರವರೆಗೆ ಎಣಿಸಿ ಯಾವ ನರಿಯೆಂದು ತಿಳಿಯಬಹುದಾದ ಈ ಜಾಣ ಏರ್ಪಾಡನ್ನು ಮುಂದೊಮ್ಮೆ ನೀವೂ ಅನುಸರಿಸಬಹುದು. ಮೊದಲ ಬೇಟೆಗೆ ಮಾತ್ರ 2 ಮೀಟರ್ ಬ್ಯಾಂಡಿನ (ಸುಮಾರು 145 ಮೆಗಾಹರ್ಟ್ಜ್) ಒಂದೇ ನರಿ, ಸುಮಾರು 500 ಮೀಟರ್ ಸುತ್ತಳತೆಯೊಳಗಿನ ಒಂದೇ ಬಯಲು, ಇಷ್ಟೇ ಇರಲಿ.

ನರಿಯನ್ನು ಸಿದ್ಧಪಡಿಸುವಾಗ ಹೊಸಬರು ಮಾಡುವ ತಪ್ಪೆಂದರೆ ಶಕ್ತಿ ಹೆಚ್ಚಿಸುವುದು. 5 ವಾಟಿನ ಹ್ಯಾಂಡಿಯನ್ನು, ಅಂದರೆ ಕೈಯಲ್ಲಿ ಹಿಡಿಯುವ ರೇಡಿಯೊವನ್ನು, ಪೂರ್ಣ ಶಕ್ತಿಯಲ್ಲಿ ಬಿಡದೆ ಒತ್ತಿ ಹಿಡಿದಂತೆ ಇಟ್ಟರೆ ಅದು ಕೈ ಸುಡುವಷ್ಟು ಕಾಯುತ್ತದೆ, ಬ್ಯಾಟರಿಯೂ ಬೇಗ ಬರಿದಾಗುತ್ತದೆ, ಹತ್ತಿರ ಬಂದವರ ರಿಸೀವರುಗಳೂ ಕಿವುಡಾಗುತ್ತವೆ. ಚಿಕ್ಕ ಬಯಲಿಗೆ 10ರಿಂದ 100 ಮಿಲಿವಾಟ್ ಧಾರಾಳವಾಯಿತು. ಹ್ಯಾಂಡಿಯನ್ನೇ ಬಳಸುವುದಾದರೆ ಅತ್ಯಂತ ಕಡಿಮೆ ಶಕ್ತಿಗೆ ಇಳಿಸಿ, ಅರ್ಧ ನಿಮಿಷ ಸ್ವರ ಕಳುಹಿಸಿ ಒಂದು ನಿಮಿಷ ಸುಮ್ಮನಿರುವಂತೆ ಸಣ್ಣ ಮೈಕ್ರೊಕಂಟ್ರೋಲರಿನಿಂದ ನಿಯಂತ್ರಿಸಿ. ಮೌನದ ಅವಧಿ ಇದಕ್ಕಿಂತ ಹೆಚ್ಚಾದರೆ ಹೊಸಬರ ಉತ್ಸಾಹ ಇಳಿಯುತ್ತದೆ. ಪ್ರಸಾರದ ನಡುವೆ ನಿಮ್ಮ ನಿಯಮಗಳು ಕೇಳುವಷ್ಟು ಬಾರಿ ಕಾಲ್‌ಸೈನ್ (ಪರವಾನಗಿದಾರರ ಗುರುತಿನ ಸಂಕೇತ) ಹೋಗುತ್ತಿರಬೇಕು. ಪೆಟ್ಟಿಗೆಯ ಬಳಿ ಯಾರೂ ಇಲ್ಲದಿದ್ದರೂ ಅದರ ಹೊಣೆ ಆ ಕಾಲ್‌ಸೈನಿನವರದೇ. ಆಯ್ದುಕೊಳ್ಳುವ ಫ್ರೀಕ್ವೆನ್ಸಿಯು ರಿಪೀಟರಿನ (ಸಿಗ್ನಲನ್ನು ಹಿಡಿದು ಮರುಪ್ರಸಾರ ಮಾಡುವ ಕೇಂದ್ರದ) ಇನ್‌ಪುಟ್ ಆಗಿರಬಾರದು, ಕರೆ ಕೊಡಲು ಮೀಸಲಾದ ಫ್ರೀಕ್ವೆನ್ಸಿಯೂ ಆಗಿರಬಾರದು.

ತಂತಿಗಳು ಹೊರಚಾಚಿದ, ಬೀಪ್ ಎನ್ನುವ ಪೆಟ್ಟಿಗೆಯೊಂದು ಪೊದೆಯೊಳಗೆ ಕಂಡರೆ ದಾರಿಹೋಕರು ಏನೆಂದುಕೊಳ್ಳುತ್ತಾರೆ ಎಂಬುದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಪಾರದರ್ಶಕ ಡಬ್ಬಿಯನ್ನೇ ಬಳಸಿ. ಅದು ರೇಡಿಯೊ ಪ್ರಯೋಗದ ಉಪಕರಣ, ಅಪಾಯವಿಲ್ಲ ಎಂಬ ಒಕ್ಕಣೆಯನ್ನೂ ಕ್ಲಬ್ಬಿನ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನೂ ದಪ್ಪಕ್ಷರಗಳಲ್ಲಿ ಅಂಟಿಸಿ. ಜಾಗದ ಒಡೆಯರಿಂದ ಒಪ್ಪಿಗೆ ಪಡೆದು, ಸಾರ್ವಜನಿಕ ಸ್ಥಳವಾದರೆ ಪೊಲೀಸರಿಗೂ ಮುಂಚಿತವಾಗಿ ತಿಳಿಸಿ. ಮರ ಹತ್ತಬೇಕಾದ, ಗೋಡೆ ಹಾರಬೇಕಾದ, ರಸ್ತೆ ದಾಟಿ ಓಡಬೇಕಾದ ಜಾಗಗಳಲ್ಲಿ ನರಿಯನ್ನು ಇಡಲೇಬಾರದು.

ಇನ್ನು ಬೇಟೆಗಾರರ ಆಂಟೆನಾ. ಸ್ಟೀಲಿನ ಅಳತೆ ಟೇಪಿನ ತುಂಡುಗಳನ್ನು ಪ್ಲಾಸ್ಟಿಕ್ ಕೊಳವೆಗೆ ಬಿಗಿದು ಮಾಡುವ ಮೂರು ಕಡ್ಡಿಯ ಯಾಗಿಯನ್ನು (ಒಂದು ದಿಕ್ಕಿನ ಸಿಗ್ನಲನ್ನು ಹೆಚ್ಚಾಗಿ ಹಿಡಿಯುವ ಆಂಟೆನಾವನ್ನು) ಒಂದು ಮಧ್ಯಾಹ್ನದ ಕಮ್ಮಟದಲ್ಲಿ ಎಲ್ಲರೂ ಮಾಡಿ ಮುಗಿಸಬಹುದು. ಹಿಂದಿನ ಕಡ್ಡಿ ಸುಮಾರು 105 ಸೆಂಟಿಮೀಟರ್, ಮುಂದಿನದು 89, ನಡುವಿನದರ ಎರಡು ಭಾಗಗಳು ತಲಾ 45. ಹಿಂದಿನದಕ್ಕೂ ನಡುವಿನದಕ್ಕೂ ಸುಮಾರು 20 ಸೆಂಟಿಮೀಟರ್ ಅಂತರ, ನಡುವಿನದಕ್ಕೂ ಮುಂದಿನದಕ್ಕೂ 32. ನಡುವಿನ ಎರಡು ಭಾಗಗಳ ಮಧ್ಯೆ ಹೆಬ್ಬೆರಳಿನಷ್ಟು ತೆರಪು ಬಿಟ್ಟು, ಅದರ ಅಡ್ಡಕ್ಕೆ ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿದ ಸುಮಾರು 13 ಸೆಂಟಿಮೀಟರ್ ತಂತಿಯನ್ನೂ ರಿಸೀವರಿಗೆ ಹೋಗುವ ಕೋಆಕ್ಸ್ ಕೇಬಲಿನ ತುದಿಗಳನ್ನೂ ಬೆಸೆಯಬೇಕು. ಟೇಪಿನ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಪೊದೆಗಳ ನಡುವೆ ನುಗ್ಗುವಾಗ ಕಡ್ಡಿಗಳು ಮಡಿಚಿಕೊಂಡು ಮತ್ತೆ ನೆಟ್ಟಗಾಗುವುದೇ ಟೇಪನ್ನು ಆರಿಸಲು ಕಾರಣ. ತುದಿಗಳು ಚೂಪಾಗಿರುವುದರಿಂದ ಅವಕ್ಕೆ ಇನ್ಸುಲೇಷನ್ ಟೇಪು ಸುತ್ತುವುದನ್ನು ಮರೆಯಬಾರದು.

ದಿಕ್ಕು ಗುರುತಿಸುವಾಗ ನರಿಯ ಆಂಟೆನಾ ನೆಟ್ಟಗಿದ್ದರೆ ನಿಮ್ಮ ಯಾಗಿಯ ಕಡ್ಡಿಗಳೂ ನೆಟ್ಟಗಿರಬೇಕು. ಎಫ್‌ಎಂ ರಿಸೀವರಿನಲ್ಲಿ ಸಿಗ್ನಲ್ ಬಲವಾದಂತೆ ಧ್ವನಿ ಜೋರಾಗುವುದಿಲ್ಲವಾದ್ದರಿಂದ ಕಿವಿಯನ್ನು ನಂಬದೆ, ಸಿಗ್ನಲ್ಲಿನ ಬಲವನ್ನು ತೋರಿಸುವ ಎಸ್-ಮೀಟರನ್ನು ನೋಡುತ್ತಾ ಒಂದು ಪೂರ್ತಿ ಸುತ್ತು ನಿಧಾನವಾಗಿ ತಿರುಗಿ. ಯಾಗಿ ಇಲ್ಲದವರು ಹ್ಯಾಂಡಿಯನ್ನು ಎದೆಗೆ ಒತ್ತಿ ಹಿಡಿದು ತಿರುಗಬಹುದು: ಸಿಗ್ನಲ್ ಅತಿ ಕ್ಷೀಣವಾದಾಗ ನಿಮ್ಮ ದೇಹ ಅಡ್ಡ ನಿಂತಿದೆ, ಅಂದರೆ ನರಿ ನಿಮ್ಮ ಬೆನ್ನ ಹಿಂದಿದೆ. ಸಿಕ್ಕಿದ ದಿಕ್ಕನ್ನು ನಕ್ಷೆಯ ಮೇಲೆ ಗೆರೆಯಾಗಿ ಎಳೆದು, ಆ ಗೆರೆಯುದ್ದಕ್ಕೆ ಓಡುವ ಬದಲು ಅದಕ್ಕೆ ಅಡ್ಡಲಾಗಿ ನಡೆದು ಎರಡನೆಯ ಗೆರೆ ಪಡೆಯಿರಿ. ಎರಡು ಗೆರೆಗಳು ಲಂಬಕೋನಕ್ಕೆ ಹತ್ತಿರವಾಗಿ ಕೂಡಿದಷ್ಟೂ ತಪ್ಪಿನ ಪ್ರಮಾಣ ಕಡಿಮೆ. ಇಲ್ಲೊಂದು ಸೂಕ್ಷ್ಮವಿದೆ. ಸ್ಟೀಲಿನ ಟೇಪೂ ಹ್ಯಾಂಡಿಯ ಸ್ಪೀಕರಿನ ಅಯಸ್ಕಾಂತವೂ ದಿಕ್ಸೂಚಿಯ ಮುಳ್ಳನ್ನು ಎಳೆಯುತ್ತವೆ. ಆದ್ದರಿಂದ ಯಾಗಿ ತೋರಿಸಿದ ನೇರಕ್ಕೆ ಕಾಣುವ ಮರವನ್ನೋ ಕಂಬವನ್ನೋ ಗುರುತಿಟ್ಟುಕೊಂಡು, ಉಪಕರಣಗಳನ್ನು ದೂರವಿಟ್ಟ ಮೇಲೆ ದಿಕ್ಸೂಚಿ ನೋಡಬೇಕು. ಕಟ್ಟಡ, ಕಬ್ಬಿಣದ ಬೇಲಿ, ನಿಂತ ವಾಹನಗಳು ಸಿಗ್ನಲನ್ನು ಪ್ರತಿಫಲಿಸಿ ದಾರಿ ತಪ್ಪಿಸುವುದರಿಂದ, ಎತ್ತರದ ತೆರೆದ ಜಾಗದಲ್ಲಿ ಪಡೆದ ಗೆರೆಗೆ ಹೆಚ್ಚು ಬೆಲೆ ಕೊಡಿ.

ಇಷ್ಟರಿಂದ ನರಿಯ ಸಮೀಪಕ್ಕೆ ಬರುವುದು ಕಷ್ಟವಲ್ಲ. ಬೇಟೆಯ ನಿಜವಾದ ಕಷ್ಟ ಶುರುವಾಗುವುದೇ ಅಲ್ಲಿಂದ. ನಮ್ಮ ಕ್ಲಬ್ಬಿನ ಮೊದಲ ಬೇಟೆಯಲ್ಲಿ ಎಲ್ಲ ತಂಡಗಳೂ ಅರ್ಧ ಗಂಟೆಯೊಳಗೆ ಸರಿಯಾದ ತೋಪಿಗೆ ಬಂದು ಸೇರಿದವು, ಆಮೇಲಿನ ಮುಕ್ಕಾಲು ಗಂಟೆ ಅದೇ ತೋಪಿನಲ್ಲಿ ಗಾಣದೆತ್ತಿನಂತೆ ಸುತ್ತಿದೆವು. ಯಾವ ಕಡೆ ತಿರುಗಿದರೂ ಎಸ್-ಮೀಟರಿನ ಪಟ್ಟಿಗಳೆಲ್ಲ ತುಂಬಿಯೇ ಇದ್ದವು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತೆ, ನರಿ ಇದ್ದದ್ದು ನಾವು ಚೀಲಗಳನ್ನು ಇಟ್ಟಿದ್ದ ಕಲ್ಲುಬೆಂಚಿನ ಅಡಿಯಲ್ಲಿ. ತೆರೆದ ಬಯಲಿನಲ್ಲಿ ದೂರ ಅರ್ಧವಾದಾಗಲೆಲ್ಲ ಸಿಗ್ನಲ್ 6 ಡೆಸಿಬೆಲ್ ಏರುತ್ತದೆ. 1 ಕಿಲೋಮೀಟರಿನಿಂದ 10 ಮೀಟರಿಗೆ ಬರುವಷ್ಟರಲ್ಲಿ ಏರಿಕೆ 40 ಡೆಸಿಬೆಲ್. ಸಾಮಾನ್ಯ ಹ್ಯಾಂಡಿಯ ಮೀಟರು ಅದಕ್ಕಿಂತ ಬಹಳ ಮೊದಲೇ ತುಂಬಿಬಿಡುತ್ತದೆ. ಹಾಗಾಗಿ ಸಿಗ್ನಲನ್ನು ಹಿಡಿಯುವುದಕ್ಕಿಂತ ಹಂತಹಂತವಾಗಿ ಕುಗ್ಗಿಸುವುದೇ ಇಲ್ಲಿ ಕಲಿಯಬೇಕಾದ ವಿದ್ಯೆ.

ಮೊದಲ ಉಪಾಯ, ಫ್ರೀಕ್ವೆನ್ಸಿಯಿಂದ 5 ಅಥವಾ 10 ಕಿಲೋಹರ್ಟ್ಜ್ ಪಕ್ಕಕ್ಕೆ ಸರಿದು ಕೇಳುವುದು. ಅದೂ ತುಂಬಿದರೆ ಮೂರನೆಯ ಹಾರ್ಮೋನಿಕ್‌ಗೆ, ಅಂದರೆ ಮೂರು ಪಟ್ಟು ಫ್ರೀಕ್ವೆನ್ಸಿಗೆ, ಹೋಗಿ: ನರಿ 145.5 ಮೆಗಾಹರ್ಟ್ಜ್‌ನಲ್ಲಿದ್ದರೆ 436.5ರಲ್ಲಿ ಕ್ಷೀಣವಾದ ನೆರಳೊಂದು ತೀರ ಹತ್ತಿರದಲ್ಲಿ ಕೇಳಿಸಬಹುದು. ಎರಡು ಬ್ಯಾಂಡಿನ ಹ್ಯಾಂಡಿ ಇದ್ದವರಿಗೆ ಇದು ಖರ್ಚಿಲ್ಲದ ಉಪಾಯ. ಆಂಟೆನಾ ಬಿಚ್ಚಿ, ಹ್ಯಾಂಡಿಯನ್ನು ಒಂದು ಬದಿ ಮುಚ್ಚಿದ ತಗಡಿನ ಡಬ್ಬಿಯೊಳಗೆ ಇಳಿಸುವುದೂ ಉಂಟು. ನೋಡುವವರಿಗೆ ತಮಾಷೆಯಾಗಿ ಕಂಡರೂ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ಚೊಕ್ಕದ್ದು ಆಫ್‌ಸೆಟ್ ಅಟೆನ್ಯುಯೇಟರ್, ಅಂದರೆ ಸಿಗ್ನಲನ್ನು ಬೇರೆ ಫ್ರೀಕ್ವೆನ್ಸಿಗೆ ಸರಿಸಿ ಕುಗ್ಗಿಸುವ ಸಾಧನ. ಅದರಲ್ಲಿರುವ 4 ಮೆಗಾಹರ್ಟ್ಜ್ ಆಸಿಲೇಟರ್ ಒಂದು ಡಯೋಡಿನಲ್ಲಿ ನರಿಯ ಸಿಗ್ನಲ್ಲಿನೊಂದಿಗೆ ಬೆರೆತು 141.5 ಮತ್ತು 149.5ರಲ್ಲಿ ಹೊಸ ಸಿಗ್ನಲುಗಳನ್ನು ಹುಟ್ಟಿಸುತ್ತದೆ. ಅವುಗಳಲ್ಲಿ ಒಂದಕ್ಕೆ ರಿಸೀವರನ್ನು ಟ್ಯೂನ್ ಮಾಡಿ ಗುಂಡಿ ತಿರುಗಿಸಿದರೆ ಆಸಿಲೇಟರಿನ ಬಲದೊಂದಿಗೆ ಸಿಗ್ನಲೂ ಬೇಕಾದಷ್ಟು ಇಳಿಯುತ್ತದೆ. ರಿಸೀವರಿನ ಡಬ್ಬಿಯ ಮೂಲಕ ನೇರವಾಗಿ ಸೋರಿ ಬರುವ 145.5ರ ಸಿಗ್ನಲ್ ಬೇರೆ ಫ್ರೀಕ್ವೆನ್ಸಿಯದಾದ್ದರಿಂದ ಅದು ಅಡ್ಡಿಯಾಗುವುದಿಲ್ಲ.

3.5 ಮೆಗಾಹರ್ಟ್ಜ್‌ನಲ್ಲಿ ಆಡುವವರ ರೀತಿ ಬೇರೆ: ಫೆರೈಟ್ ಕಡ್ಡಿಯ ಆಂಟೆನಾದಲ್ಲಿ ಸಿಗ್ನಲ್ ಮಾಯವಾಗುವ ದಿಕ್ಕೇ ಹರಿತವಾದ ಸೂಚನೆ, ಪ್ರತಿಫಲನದ ಕಾಟವೂ ಕಡಿಮೆ. ಅದಕ್ಕೆ ಪ್ರತ್ಯೇಕ ರಿಸೀವರ್ ಕಟ್ಟಿಕೊಳ್ಳಬೇಕಾದ್ದರಿಂದ ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಬೇಟೆಯ ದಿನ ಎಲ್ಲರೂ ಒಂದೇ ಜಾಗದಿಂದ, ಐದೈದು ನಿಮಿಷದ ಅಂತರದಲ್ಲಿ ಹೊರಡಲಿ. ಇಲ್ಲವಾದರೆ ಮುಂದಿನವರ ಬೆನ್ನು ನೋಡಿಕೊಂಡು ನಡೆಯುವುದೇ ಬೇಟೆಯಾಗುತ್ತದೆ. ಕಂಡುಹಿಡಿದವರು ಕೂಗಾಡದೆ, ಡಬ್ಬಿಯ ಮೇಲಿನ ಗುಪ್ತಪದವನ್ನು ಸಮಯದೊಂದಿಗೆ ಬರೆದುಕೊಂಡು ಬೇರೆ ದಿಕ್ಕಿನಿಂದ ಹೊರಬರಬೇಕು. ಕೊನೆಯ ಗಡುವು ಮೊದಲೇ ನಿಗದಿಯಾಗಿರಲಿ. ಗಡುವಿಗೆ ಹತ್ತು ನಿಮಿಷ ಮುನ್ನ ಇನ್ನೂ ಸುತ್ತುತ್ತಿರುವವರಿಗೆ ಬಚ್ಚಿಟ್ಟವರು ಒಂದು ಸುಳಿವು ಕೊಡುವುದರಲ್ಲಿ ತಪ್ಪಿಲ್ಲ.

ಮುಗಿದ ಮೇಲೆ ಮನೆಗೆ ಹೊರಡುವ ಮೊದಲು ಎಲ್ಲ ತಂಡಗಳ ಗೆರೆಗಳನ್ನೂ ಒಂದೇ ನಕ್ಷೆಗೆ ಇಳಿಸಿ. ಹಲವು ತಂಡಗಳ ತಪ್ಪುಗೆರೆಗಳು ಒಂದೇ ಕಡೆಗೆ ಬಾಗಿದ್ದರೆ ಅಲ್ಲಿ ಪ್ರತಿಫಲಿಸುವ ಗೋಡೆಯೋ ಬೇಲಿಯೋ ಇರುತ್ತದೆ. ಎಲ್ಲರೂ ಕೂಡಿ ಅಲ್ಲಿಗೆ ನಡೆದುಹೋಗಿ ಯಾಗಿಯನ್ನು ತಿರುಗಿಸಿ ನೋಡಿ. ನರಿಯ ಬ್ಯಾಟರಿ ತೆಗೆದು ಡಬ್ಬಿಯನ್ನು ಗೆದ್ದ ತಂಡದ ಕೈಗೆ ಕೊಡಿ, ಮುಂದಿನ ಬಾರಿ ಬಚ್ಚಿಡುವ ಸರದಿ ಅವರದು.