ದೋಷಗಳ ಲೆಕ್ಕದಿಂದ ಹೆಸರುಗಳನ್ನು ತೆಗೆದ ಮೇಲೆ

ನಮ್ಮ 40 ಜನರ ಸಾಫ್ಟ್‌ವೇರ್ ತಂಡದಲ್ಲಿ ಕೋಡ್ ರಿವ್ಯೂ, ಅಂದರೆ ಒಬ್ಬರು ಬರೆದ ಪ್ರೋಗ್ರಾಮನ್ನು ಬೇರೆಯವರು ಓದಿ ತಪ್ಪು ಹುಡುಕುವ ಪದ್ಧತಿ, ಕೊನೆಗೂ ನೆಲೆಯೂರಿದೆ. ಇದು ಆಗದ ಕೆಲಸವೆಂದು ಅಂದವರೇ ಈಗ ತಮ್ಮ ತಂಡಗಳಲ್ಲಿ ಮಾಡಿಕೊಡಿ ಎನ್ನುತ್ತಿರುವುದರಿಂದ, ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಮೊದಲ ಎರಡು ವರ್ಷ ಪೂರ್ತಿ ವ್ಯರ್ಥವಾದವು. ಹೊರಗಿನ ಸಲಹೆಗಾರರು, ಸಿಎಂಎಂಐ (ಸಂಸ್ಥೆಗಳ ಕೆಲಸದ ಕ್ರಮ ಎಷ್ಟು ಪಕ್ವವಾಗಿದೆಯೆಂದು ಅಳೆಯುವ ಮಾನದಂಡ) ಮೂರನೆಯ ಹಂತಕ್ಕೆಂದು ತಯಾರಿಸಿದ ಟೆಂಪ್ಲೇಟುಗಳು, ರಿವ್ಯೂ ಟೂಲಿನ ಲೈಸೆನ್ಸು ಎಲ್ಲ ಸೇರಿ ಸುಮಾರು ಮೂವರು ಹಿರಿಯ ಎಂಜಿನಿಯರುಗಳ ವರ್ಷದ ಸಂಬಳದಷ್ಟು ಹಣ ಹೋಯಿತು. ಗ್ರಾಹಕರು ವರದಿ ಮಾಡುವ ದೋಷಗಳು ಮಾತ್ರ ಪ್ರತಿ ಬಿಡುಗಡೆಗೂ 60ರ ಆಸುಪಾಸಿನಲ್ಲೇ ಉಳಿದವು. ಒಂದು ಸಂಜೆ ದಾಖಲೆಗಳನ್ನು ತೆರೆದಾಗ, ಆಡಿಟ್‌ನ ಹಿಂದಿನ ದಿನ ಒಂದೇ ಲಾಗಿನ್‌ನಿಂದ, ಹತ್ತು ನಿಮಿಷದೊಳಗೆ, "ಪರಿಶೀಲಿಸಲಾಗಿದೆ, ದೋಷಗಳಿಲ್ಲ" ಎಂಬ ವಾಕ್ಯವನ್ನು 30ಕ್ಕೂ ಹೆಚ್ಚು ಕಡೆ ಅಂಟಿಸಿದ್ದು ಕಂಡಿತು. ಸಿಟ್ಟು ಬಂದದ್ದು ನಿಜ. ಆ ಲಾಗಿನ್ ಬಳಸಿದ ಹುಡುಗನನ್ನು ಕೂರಿಸಿಕೊಂಡು ಕೇಳಿದಾಗ, "ಸರ್, ನಾನು ದೋಷ ಬರೆದರೆ ಕೋಡ್ ಬರೆದವರ ಅಪ್ರೈಸಲ್‌ಗೆ ಪೆಟ್ಟು ಬೀಳುತ್ತದೆ" ಎಂದ. ಮ್ಯಾನೇಜರುಗಳ ಹಾಳೆಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ದೋಷಗಳ ಸಂಖ್ಯೆಯಿತ್ತು. ರಿವ್ಯೂನ ಅಂಕಿಗಳಿಂದ ವ್ಯಕ್ತಿಯನ್ನು ಅಳೆಯಬಾರದೆಂದು ಕೋಡ್ ಪರಿಶೀಲನೆಗೆ ಕ್ರಮಬದ್ಧ ವಿಧಾನವೊಂದನ್ನು ರೂಪಿಸಿದ ಐಬಿಎಂನ ಮೈಕೆಲ್ ಫೇಗನ್ 1976ರಲ್ಲೇ ಎಚ್ಚರಿಸಿದ್ದರು. ಅವರ ವಿಧಾನವನ್ನು ತೆಗೆದುಕೊಂಡ ನಾವು ಆ ಎಚ್ಚರಿಕೆಯನ್ನು ಕೈಬಿಟ್ಟಿದ್ದೆವು.

ಮ್ಯಾನೇಜರುಗಳ ಹಾಳೆಯ ಆ ದೋಷಗಳ ಅಂಕಣವನ್ನು ತೆಗೆಸಲು ನಾಲ್ಕು ತಿಂಗಳು ಹಿಡಿಯಿತು. ಎಚ್‌ಆರ್ ವಿಭಾಗವನ್ನು ಒಪ್ಪಿಸಿದ ಬಗೆಯನ್ನೂ ನನ್ನ ಚೆಕ್‌ಲಿಸ್ಟಿನ ಪ್ರಶ್ನೆಗಳ ಕ್ರಮವನ್ನೂ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅವು ವರ್ಷಗಳ ಗಳಿಕೆ. ಮ್ಯಾನೇಜರುಗಳು ರಿವ್ಯೂಗೆ ಬರುವುದನ್ನು ನಿಲ್ಲಿಸಿದೆ, ಒಂದು ಸಲಕ್ಕೆ ಕೋಡಿನ 200 ಸಾಲು ಮೀರಬಾರದೆಂದೆ, ಎಲ್ಲರಿಗಿಂತ ಮೊದಲು ಇಡೀ ವ್ಯವಸ್ಥೆಯ ವಿನ್ಯಾಸ ಮಾಡುವ ನಮ್ಮ ಆರ್ಕಿಟೆಕ್ಟರ ಕೋಡನ್ನೇ ಮುಂದಿಟ್ಟೆ. ಸೇರಿ ಆರು ತಿಂಗಳಾಗಿದ್ದ ಹುಡುಗಿಯೊಬ್ಬಳು, ಎಕ್ಸೆಪ್ಶನ್ (ಪ್ರೋಗ್ರಾಂ ಓಡುವಾಗ ಎದುರಾಗುವ ಅನಿರೀಕ್ಷಿತ ತೊಂದರೆ) ಬಂದರೆ ಲಾಕ್ (ಒಂದೇ ಮಾಹಿತಿಯನ್ನು ಎರಡು ಕೆಲಸಗಳು ಒಟ್ಟಿಗೆ ಮುಟ್ಟದಂತೆ ಹಾಕುವ ತಡೆ) ಬಿಡುಗಡೆಯಾಗದೆ ಉಳಿಯುತ್ತದೆಂದು ತೋರಿಸಿದಳು. ಆರ್ಕಿಟೆಕ್ಟರು ಕ್ಷಣಕಾಲ ಪರದೆಯನ್ನೇ ನೋಡಿ, "ಹೌದಮ್ಮ, ತಪ್ಪಾಗಿದೆ" ಎಂದು ಅಲ್ಲೇ ತಿದ್ದಿದರು. ಮರುವಾರದಿಂದ, ಅಲ್ಲಿಯವರೆಗೆ ತುಟಿ ಬಿಚ್ಚದವರೂ ಮಾತಾಡತೊಡಗಿದರು.

ಈ ನಡುವೆ ಟೆಸ್ಟರುಗಳನ್ನು ವಿನ್ಯಾಸದ ಚರ್ಚೆಯಲ್ಲೇ ಕೂರಿಸುವ ಪ್ರಯೋಗವನ್ನು ಎರಡು ಉಪತಂಡಗಳಲ್ಲಿ ಮಾಡಿದೆ. ಒಂದರಲ್ಲಿ ಚೆನ್ನಾಗಿ ಕೂಡಿಬಂತು. ಇನ್ನೊಂದರಲ್ಲಿ ಟೆಸ್ಟರುಗಳು ಬೇರೆ ಮ್ಯಾನೇಜರರ ಕೆಳಗಿದ್ದು, ಅಲ್ಲಿ ದಿನಕ್ಕೆ ಎಷ್ಟು ಟೆಸ್ಟ್ ಕೇಸ್ (ಒಂದೊಂದು ಅಂಶವನ್ನು ಪರೀಕ್ಷಿಸಿ ನೋಡುವ ಪ್ರಯೋಗ) ಓಡಿಸಿದರೆಂಬುದಷ್ಟೇ ಲೆಕ್ಕಕ್ಕೆ ಬರುತ್ತಿದ್ದುದರಿಂದ, ಮೂರನೆಯ ವಾರಕ್ಕೇ ಬರುವುದನ್ನು ಬಿಟ್ಟರು. ಅವರನ್ನು ದೂರಲಾರೆ.

ರಿವ್ಯೂಗೆ ತಗಲುವ ಸಮಯ ತಲೆಗೆ ವಾರಕ್ಕೆ ಎರಡು ಗಂಟೆಯಿಂದ ಐದಕ್ಕೇರಿತು. ಈ ಖರ್ಚನ್ನು ವಿವರಿಸಲು ಮೇಲಿನವರ ಮುಂದೆ ಎರಡು ಬಾರಿ ನಿಲ್ಲಬೇಕಾಯಿತು. ನಾಲ್ಕನೆಯ ಬಿಡುಗಡೆಯ ಹೊತ್ತಿಗೆ ಗ್ರಾಹಕರ ದೂರುಗಳು 20ರ ಆಸುಪಾಸಿಗೆ ಇಳಿದ ಮೇಲೆ ಮೂರನೆಯ ಬಾರಿ ಕರೆ ಬರಲಿಲ್ಲ. ದುಬಾರಿ ಟೂಲಿನ ಲೈಸೆನ್ಸನ್ನು ಈ ವರ್ಷ ನವೀಕರಿಸಿಲ್ಲ. ಇನ್ನು ಆ ಎರಡನೆಯ ಉಪತಂಡದ ಟೆಸ್ಟ್ ಕೇಸ್ ಲೆಕ್ಕದ ಹಾಳೆಯನ್ನು ಕೈಗೆತ್ತಿಕೊಂಡಿದ್ದೇನೆ.