ರಿಪೋರ್ಟಿನ ಉದ್ದುದ್ದ ಪದಗಳನ್ನು ಒಡೆದು ಓದುವುದು ಹೇಗೆ?

ಹೋದ ಬೇಸಿಗೆಯಲ್ಲಿ ನಮ್ಮ ಕಾಕಾ ಕಲಬುರಗಿಯ ದವಾಖಾನೆಯೊಂದರಲ್ಲಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು. ರಿಪೋರ್ಟಿನ ಕೊನೆಯಲ್ಲಿ ‘ಕೋಲೆಲಿಥಿಯಾಸಿಸ್’ ಎಂದಿತ್ತು. ‘ಯಾವುದೋ ದೊಡ್ಡ ಬ್ಯಾನಿ ಅದ ನೋಡು’ ಎಂದು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಅದರ ಅರ್ಥ ಪಿತ್ತದ ಹರಳು. ಇಷ್ಟು ಗೊತ್ತಿದ್ದರೆ ಆ ರಾತ್ರಿ ಉಳಿಯುತ್ತಿತ್ತು.

ಇಂಥ ಪದ ಕಂಡರೆ ಮೊದಲು ಅದರ ಬಾಲ ಹಿಡಿಯಿರಿ. ತಲೆನೋವು, ಹಲ್ಲುನೋವು ಅನ್ನುತ್ತೇವೆ ಅಲ್ವಾ? ಜಾಗ ಮೊದಲು, ತೊಂದರೆ ಆಮೇಲೆ. ಡಾಕ್ಟರರ ಇಂಗ್ಲಿಷೂ ಹಾಗೇ. ಬಾಲದಲ್ಲಿ ‘ಐಟಿಸ್’ ಇದ್ದರೆ ಉರಿಯೂತ. ‘ಮೆಗಲಿ’ ಇದ್ದರೆ ಅಂಗ ದೊಡ್ಡದಾಗಿದೆ. ‘ಎಕ್ಟಮಿ’ ಅಂದರೆ ಕೊಯ್ದು ತೆಗೆಯುವುದು. ‘ಓಮಾ’ ಅಂದರೆ ಗಡ್ಡೆ ಅಥವಾ ಬಾವು. ಆದರೆ ಇದನ್ನು ನೋಡಿ ಸುಮ್ನೆ ಹೆದರಬೇಡಿ. ಕಾರ್ಸಿನೋಮಾ ಕ್ಯಾನ್ಸರ್ ನಿಜ. ಲಿಪೋಮಾ ಮಾತ್ರ ಕೊಬ್ಬಿನ ಗಡ್ಡೆ, ಹೆಮಟೋಮಾ ರಕ್ತ ಕಟ್ಟಿಕೊಂಡ ಬಾವು.

ಆಮೇಲೆ ಪದದ ತಲೆಗೆ ಬನ್ನಿ. ‘ಹೆಪಟ್’ ಲಿವರ್, ‘ಗ್ಯಾಸ್ಟ್ರ್’ ಜಠರ, ‘ಆರ್ಥ್ರ್’ ಕೀಲು, ‘ಕೋಲೆ’ ಪಿತ್ತ, ‘ಸಿಸ್ಟ್’ ಚೀಲ. ಈಗ ಜೋಡಿಸಿ. ಹೆಪಟೋಮೆಗಲಿ ಅಂದರೆ ಲಿವರ್ ದೊಡ್ಡದಾಗಿದೆ. ಕೋಲೆಸಿಸ್ಟೆಕ್ಟಮಿ ಅಂದರೆ ಪಿತ್ತದ ಚೀಲವನ್ನು ತೆಗೆಯುವ ಆಪರೇಷನ್. ಒಂದೆರಡು ಸಲ ಬಾಯಿಬಿಟ್ಟು ಓದಿದರೆ ಪದ ತಾನೇ ಬಿಚ್ಚಿಕೊಳ್ಳುತ್ತದೆ.

ಜಾಸ್ತಿ ಗೊಂದಲ ಆಗುವುದು ಕಿಡ್ನಿಯಲ್ಲಿ. ಒಂದು ರಿಪೋರ್ಟಿನಲ್ಲಿ ‘ನೆಫ್ರೋಲಿಥಿಯಾಸಿಸ್’, ಇನ್ನೊಂದರಲ್ಲಿ ‘ರೀನಲ್ ಕ್ಯಾಲ್ಕುಲಸ್’. ಎರಡೂ ಕಿಡ್ನಿ ಹರಳೇ. ಅಂಗಗಳ ಹೆಸರು ಹೆಚ್ಚಾಗಿ ಲ್ಯಾಟಿನ್‌ನಿಂದ ಬಂದವು, ರೋಗಗಳ ಹೆಸರು ಹೆಚ್ಚಾಗಿ ಗ್ರೀಕ್‌ನಿಂದ. ಅದಕ್ಕೇ ಒಂದೇ ಅಂಗಕ್ಕೆ ಎರಡು ಹೆಸರು: ಕಿಡ್ನಿಗೆ ಗ್ರೀಕ್‌ನಿಂದ ‘ನೆಫ್ರೋ’, ಲ್ಯಾಟಿನ್‌ನಿಂದ ‘ರೀನಲ್’. ‘ಲಿಥ್’ ಗ್ರೀಕ್‌ನಲ್ಲಿ ಕಲ್ಲು. ‘ಕ್ಯಾಲ್ಕುಲಸ್’ ಲ್ಯಾಟಿನ್‌ನಲ್ಲಿ ಸಣ್ಣ ಹರಳುಕಲ್ಲು. ಪಿಯುಸಿ ಮಕ್ಕಳು ಬೆವರು ಸುರಿಸುವ ಗಣಿತದ ಕ್ಯಾಲ್ಕುಲಸ್, ಅಂಗಡಿಯ ಕ್ಯಾಲ್ಕುಲೇಟರ್ ಎರಡೂ ಇದರ ಮಕ್ಕಳೇ. ಹಿಂದೆ ರೋಮನ್ನರು ಹರಳು ಇಟ್ಟು ಲೆಕ್ಕ ಮಾಡುತ್ತಿದ್ದರು. ನಮ್ಮ ಅಜ್ಜಿಯರು ಹುಣಸೆಬೀಜ ಇಟ್ಟು ಎಣಿಸಿದ ಹಾಗೆ. ಈ ನಂಟು ತಿಳಿದ ಮೇಲೆ ಆ ಪದವನ್ನು ನಾನು ಮರೆತೇ ಇಲ್ಲ.

ಒಂದೆರಡು ಅಕ್ಷರದ ವ್ಯತ್ಯಾಸವನ್ನೂ ನೋಡಿ. ‘ಹೈಪೋ’ ಕಡಿಮೆ, ‘ಹೈಪರ್’ ಹೆಚ್ಚು. ಥೈರಾಯ್ಡ್ ರಿಪೋರ್ಟಿನಲ್ಲಿ ಇವು ಅದಲುಬದಲಾದರೆ ಅರ್ಥವೇ ತಿರುಗುತ್ತದೆ. ‘ಇಲಿಯಂ’ ಇನ್ನೂ ಕಷ್ಟ. ಆ ಹೆಸರಿನ ಪದ ಎರಡಿವೆ (ileum, ilium), ಕೇಳಲು ಎರಡೂ ಒಂದೇ. ನಡುವೆ ಇಂಗ್ಲಿಷಿನ ಇ ಅಕ್ಷರ ಇದ್ದರೆ ಸಣ್ಣಕರುಳಿನ ಕೊನೆಯ ಭಾಗ. ಐ ಅಕ್ಷರ ಇದ್ದರೆ ಸೊಂಟದ ಎಲುಬು. ಫೋನಿನಲ್ಲಿ ಯಾರಿಗಾದರೂ ಹೇಳುವಾಗ ಅಕ್ಷರ ಬಿಡಿಸಿ ಹೇಳಿ.

ಹೀಗೆ ಒಡೆದರೆ ತೊಂದರೆ ಎಲ್ಲಿ, ಎಂಥದು ಎಂದು ತಿಳಿಯುತ್ತದೆ. ಎಷ್ಟು ಗಂಭೀರ ಎಂದು ತಿಳಿಯುವುದಿಲ್ಲ. ಅದಕ್ಕೆ ರಿಪೋರ್ಟಿನ ಒಂದು ಜೆರಾಕ್ಸ್ ತೆಗೆಸಿ, ಹಿಂಬದಿಯಲ್ಲಿ ಕನ್ನಡದಲ್ಲೇ ಪ್ರಶ್ನೆ ಬರೆದುಕೊಂಡು ಹೋಗಿ. ಕಾಕಾ ಮುಂದಿನ ಸಲ ಬರೆದದ್ದು ಎರಡೇ: ‘ಹರಳು ಎಷ್ಟು ಎಂಎಂ ಅದರಿ? ಆಪರೇಷನ್ ಈಗಲೇ ಬೇಕೇನ್ರಿ?’